ಹಳ್ಳದ ದಂಡೆಯಲ್ಲಿ ಕಾಕು

ಕಾಕುವಿನ ಹುಬ್ಬುಗಳ ಮೇಲೆ ಸದಾ ಹತ್ತಿಯ ಬಿಳಿ ನವಿರು ಕುಳಿತಿರುತ್ತಿತ್ತು. ಸಂಜೆ ಮುಖ ತೊಳೆದರೂ ಅದು ಪೂರ್ತಿ ಹೋಗುತ್ತಿರಲಿಲ್ಲ. ಅವರು ನಕ್ಕಾಗ ಹುಬ್ಬು ಮೇಲೇರಿ ಒಂದೆರಡು ಎಳೆ ಗಾಳಿಯಲ್ಲಿ ತೇಲುತ್ತಿದ್ದವು. ಇಚಲಕರಂಜಿಯ ನಮ್ಮ ಓಣಿಯಲ್ಲಿ ಚಿಕ್ಕಪ್ಪನ ಹೆಂಡತಿಯನ್ನು ಕಾಕು ಎಂದು ಕರೆಯುವುದು ರೂಢಿ. ನನ್ನ ಕಾಕು ಪಕ್ಕದ ಯಡ್ರಾವದ ಮಗ್ಗದ ಕಾರಖಾನೆಯೊಂದರಲ್ಲಿ ಕಾಂಡಿ ತುಂಬುತ್ತಿದ್ದರು. ಅಂದರೆ, ಲಾಳಿಯೊಳಗೆ ಕೂರಿಸುವ ಸಣ್ಣ ಕಡ್ಡಿಗೆ ನೂಲು ಸುತ್ತುವ ಕೆಲಸ.

ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರ ಕೂಗೂ ಕೇಳಿಸುವುದಿಲ್ಲ. ಆದ್ದರಿಂದ ಅಲ್ಲಿ ದುಡಿಯುವವರು ಕೈಯಿಂದ, ತುಟಿಯಿಂದ ಮಾತಾಡುತ್ತಾರೆ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ನೂಲು ಹರಿದಿದೆ ಎಂದರ್ಥ. ಅಂಗೈಯನ್ನು ಕೆಳಕ್ಕೆ ಒತ್ತಿದರೆ ಮಗ್ಗ ನಿಲ್ಲಿಸು ಎಂದರ್ಥ. ಅವರೇ ಮನೆಗೆ ಬಂದ ಮೇಲೆ ಕೂಗಿ ಕೂಗಿ ಮಾತಾಡುತ್ತಾರೆ. ಕಾಕು ಒಳಗಿನಿಂದ "ಚಹಾ ಆತು!" ಎಂದರೆ ಎದುರು ಮನೆಯವರು "ನಮಗೂ ಒಂದ ಕಪ್ ಕಳಸ್ರಿ!" ಎನ್ನುತ್ತಿದ್ದರು.

ಯಾರೇ ಮಾತಾಡಲಿ, ಕಾಕು ನೋಡುತ್ತಿದ್ದುದು ಕಣ್ಣನ್ನಲ್ಲ, ಬಾಯನ್ನು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವನು ನಾನೇ ಮೊದಲಿಗ. ಕೊಲ್ಹಾಪುರದಲ್ಲಿ ಸಸ್ಯಶಾಸ್ತ್ರದ ಮೌಖಿಕ ಪರೀಕ್ಷೆಗೆ ಹೊರಡುವ ಮುನ್ನ ಉತ್ತರಗಳನ್ನು ಅವರ ಎದುರು ಒಪ್ಪಿಸಿದ್ದೆ. ಒಂದು ಪದವೂ ಅವರಿಗೆ ತಿಳಿದಿರಲಾರದು. ಕೊನೆಗೆ ಹೇಳಿದರು: "ಮಾತು ಬರೋಬರಿ ಅದಾವ ತಮ್ಮಾ. ತುಟಿ ಅಂಜ್ಯಾವ. ತಿರುಗಿ ಹೇಳು." ತುಟಿಯ ಅಂಜಿಕೆ ಹೋಗುವವರೆಗೆ ನನ್ನನ್ನು ಅಡುಗೆಮನೆಯಿಂದ ಎಬ್ಬಿಸಲಿಲ್ಲ.

ಮುಂದೆ ನಾನು ನಮ್ಮ ಊರಿನ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕನಾದೆ. ಮಕ್ಕಳೆಲ್ಲ ಮಗ್ಗದ ಮನೆಯವರು. ಕಾಗೆ, ಗುಬ್ಬಿ, ಪಾರಿವಾಳಗಳ ಆಚೆ ಅವರು ಹಕ್ಕಿ ಕಂಡಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವರನ್ನು ಹಕ್ಕಿ ತೋರಿಸಲು ಗಡಹಿಂಗ್ಲಜದ ಕಡೆಯ ಒಂದು ಹಳ್ಳಕ್ಕೆ ಕರೆದೊಯ್ಯಲು ಅನುಮತಿ ಕೊಡುವಂತೆ ಮುಖ್ಯಾಧ್ಯಾಪಕರನ್ನು ವಿನಂತಿಸಿದೆ.

"ನಮ್ಮ ಹುಡುಗುರ ದನಿ ಕೇಳಿದ್ರ ಕಾಗಿನೂ ಊರ ಬಿಡ್ತಾವ್ರಿ, ಮಾಸ್ತರ," ಎಂದರು ಅವರು. "ಒಂದ ಸಲ ನೋಡೂಣು. ಹಕ್ಕಿ ಕಂಡೂ ಅಂದ್ರ ಪ್ರತಿ ವರ್ಷಾ ಹೋಗೂಣು. ಇಲ್ಲಂದ್ರ ಈ ಹುಚ್ಚ ಇಲ್ಲಿಗೆ ಬಿಡ್ರಿ."

ಹೆಣ್ಣುಮಕ್ಕಳ ಜೊತೆ ಹೆಂಗಸೊಬ್ಬರು ಇರಲೇಬೇಕಿತ್ತು. ಕಾಕು ಕಾರಖಾನೆಗೆ ರಜೆ ಹಾಕಿ, ಬುತ್ತಿ ಕಟ್ಟಿಕೊಂಡು, ಮುಖ್ಯಾಧ್ಯಾಪಕರೂ ಸೇರಿ ಎಲ್ಲರಿಗಿಂತ ಮೊದಲು ಬಸ್ಸಿನಲ್ಲಿ ಕುಳಿತಿದ್ದರು.

ಹೂಗಳಿಗೆ ಕಿವಿಯಿಲ್ಲ, ಆದ್ದರಿಂದ ಆರಂಭದಲ್ಲಿ ನನ್ನ ಮಾನ ಉಳಿಯಿತು. ಹಳ್ಳದ ದಂಡೆಯುದ್ದಕ್ಕೂ ನಮ್ಮ ಭಾಗದವರು ತೇರಡಾ ಎನ್ನುವ ಕರ್ಣಕುಂಡಲ ನಸುಗೆಂಪಾಗಿ ಅರಳಿತ್ತು. ಬೇಲಿಯ ಮೇಲೆ ಅಗ್ನಿಶಿಖೆಯ ದಳಗಳು ಜ್ವಾಲೆಯಂತೆ ಮೇಲಕ್ಕೆ ಚಾಚಿದ್ದವು. ಗಿಲಿಗಿಲಿ ಗಿಡವೊಂದಕ್ಕೆ ನೀಲಿ ಪಟ್ಟೆಯ ಚಿಟ್ಟೆಗಳು ಎಲೆ ಕಾಣದಷ್ಟು ಮುತ್ತಿದ್ದವು. "ಪಾತರಗಿತ್ತಿ ಸಂತಿ ನೆರದೈತಿ!" ಎಂದು ಕಾಕು ಕೂಗಿದರು. ಚಿಟ್ಟೆಗಳು ಕದಲಲಿಲ್ಲ.

ಹಕ್ಕಿಗಳ ಮಾತು ಬೇರೆ. ನಾವು ಕಾಲಿಟ್ಟಲ್ಲೆಲ್ಲ ಮರಗಳು ಬರಿದಾದವು. ಕೊನೆಗೆ ಬಾಗಿದ ಕೊಂಬೆಯಲ್ಲಿ ಒಂದು ಮಿಂಚುಳ್ಳಿ ಕಂಡಿತು. ನಾನು ಬೆರಳು ತೋರುವಷ್ಟರಲ್ಲಿ ಕಾಕು, "ನೀಲೀದು! ತಮ್ಮಾ, ನೀಲೀದು ನೋಡೋ!" ಎಂದು ಹಳ್ಳವೇ ಮೊಳಗುವಂತೆ ಕೂಗಿದರು. ಕೊಂಬೆ ಮಾತ್ರ ಅಲುಗುತ್ತಿತ್ತು.

ಮುಖ್ಯಾಧ್ಯಾಪಕರು ನನ್ನ ಬಳಿ ಬಂದು ತೀರ ಮೆಲ್ಲಗೆ, "ಮೊದಲ ನಿಮ್ಮ ಕಾಕೂನ್ನ ಮನಿಯಾಗ ಬಿಟ್ಟ ಬರಬೇಕಿತ್ರಿ. ಸಾಕು, ಬಸ್ ಹತ್ತಸ್ರಿ ಹುಡುಗುರನ್ನ," ಎಂದರು.

ಕಾಕು ದೂರದಲ್ಲಿದ್ದರು. ಆದರೆ ಅವರು ನೋಡುತ್ತಿದ್ದುದು ಬಾಯನ್ನು. ಅವರ ಮುಖ ಕೆಂಪೇರಿತು. ಒಂದು ಕ್ಷಣ ಸೆರಗು ಸರಿಪಡಿಸಿಕೊಂಡರು. ಬಳಿಕ ಬಂಡೆಯೊಂದರ ಮೇಲೆ ಹತ್ತಿ ನಿಂತು, ಮಕ್ಕಳ ಕಡೆ ತಿರುಗಿ, ಅಂಗೈಯನ್ನು ಕೆಳಕ್ಕೆ ಒತ್ತಿದರು.

ಮಗ್ಗ ನಿಲ್ಲಿಸು.

ಅಪ್ಪ ಅಮ್ಮನಿಗೆ ಬುತ್ತಿ ಕೊಡಲು ಕಾರಖಾನೆಗೆ ಹೋಗಿ ಬರುವ ಆ ಮಕ್ಕಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎಲ್ಲರೂ ಇದ್ದಲ್ಲೇ ನಿಂತರು. ಹಳ್ಳದ ನೀರಿನ ಸದ್ದು ನನಗೆ ಆಗಲೇ ಮೊದಲ ಬಾರಿಗೆ ಕೇಳಿಸಿತು. ಕಾಕು ಬೆರಳಿನಿಂದಲೇ ಒಬ್ಬೊಬ್ಬರನ್ನು ಹೊಂಗೆಯ ನೆರಳಿಗೆ ಕರೆದು ಕೂರಿಸಿದರು. ಮುಖ್ಯಾಧ್ಯಾಪಕರು ಏನೋ ಹೇಳಲು ಹೊರಟಾಗ ಅದೇ ಅಂಗೈ ಅವರತ್ತಲೂ ತಿರುಗಿತು. ಅವರು ತಮ್ಮ ಬಿಳಿ ಪ್ಯಾಂಟಿನಲ್ಲಿಯೇ ಒದ್ದೆ ಹುಲ್ಲಿನ ಮೇಲೆ ಕುಳಿತರು.

ತುದಿಯಲ್ಲಿ ಕುಳಿತ ಹುಡುಗಿಯೊಬ್ಬಳು ಮೊದಲು ಅದನ್ನು ಕಂಡಳು. ಅವಳ ಕೈ ಎದ್ದಿತು. ಪಕ್ಕದವನ ಕೈ, ಅವನ ಆಚೆಯವಳ ಕೈ, ಹೀಗೆ ಸುದ್ದಿ ದಂಡೆಯುದ್ದಕ್ಕೂ ಸದ್ದಿಲ್ಲದೆ ಸಾಗಿ ಬಂತು. ರಾಜಹಕ್ಕಿ! ಕರಿಯ ಜುಟ್ಟು, ಹಾಲಿನಂಥ ಮೈ, ಮೈಗಿಂತ ಎಷ್ಟೋ ಉದ್ದದ ಎರಡು ಬಿಳಿ ಗರಿಗಳ ಬಾಲ. ಅದು ಮುಳ್ಳುಕಂಟಿಯೊಳಗೆ ನುಸುಳಿ ಹೊರಬಂತು, ನೀರಿಗೆ ಎರಗಿ ಮೈ ತೋಯಿಸಿಕೊಂಡಿತು, ನಮ್ಮ ತಲೆಯ ಮೇಲಿನ ಕೊಂಬೆಯಲ್ಲೇ ಕುಳಿತು ಗರಿ ಒದರಿತು. ಒಂದು ಹನಿ ಮುಖ್ಯಾಧ್ಯಾಪಕರ ಕನ್ನಡಕದ ಮೇಲೆ ಬಿತ್ತು. ಅವರು ಒರೆಸಿಕೊಳ್ಳಲಿಲ್ಲ.

ಅದು ಹಾರಿಹೋದ ಮೇಲೂ ಮಕ್ಕಳ ಕಣ್ಣು ಕಾಕುವಿನ ಅಂಗೈಯ ಮೇಲೇ ಇತ್ತು. ಕಡೆಗೆ ಕಾಕುವೇ ಬಾಯಿ ಬಿಟ್ಟರು: "ಅಷ್ಟ ಉದ್ದ ಬಾಲ! ಮುಳ್ಳಾಗ ಹೊಕ್ಕ ಹೊರಗ ಬಂತು, ಒಂದ ಎಳಿ ಹರೀಲಿಲ್ಲ!"

ಮಕ್ಕಳು ಒಮ್ಮೆಲೇ ಕೇಕೆ ಹಾಕಿದರು. ಮುಖ್ಯಾಧ್ಯಾಪಕರು ಹುಲ್ಲಿನಿಂದ ಎದ್ದು, ಕಾಕುವಿನ ಎದುರು ನಿಂತು, ಅವರಿಗೆ ಚೆನ್ನಾಗಿ ಕಾಣುವಂತೆ ಬಾಯಿ ಅಗಲಿಸಿ, "ಬರೂ ವರ್ಷ ನೀವ ಬರಬೇಕ್ರಿ, ಅಕ್ಕಾರ," ಎಂದರು.

"ಬರ್ತೇನ್ರಿ ಸರ್. ನೀವು ಮಾತ್ರ ಕರೀ ಪ್ಯಾಂಟ ಹಾಕ್ಕೊಂಡ ಬರ್ರಿ!"

ಅಂದಿನಿಂದ ಒಂದು ವರ್ಷವೂ ಪ್ರವಾಸ ತಪ್ಪಿಲ್ಲ. ನನ್ನ ವೃತ್ತಿಯಲ್ಲಿ ಹೆಮ್ಮೆಪಡುವಂಥದ್ದು ಏನಾದರೂ ಇದ್ದರೆ ಅದು ಆ ಬಂಡೆಯ ಮೇಲಿಂದ ಬಂದದ್ದು.

ಕಾಕು ತೀರಿಕೊಂಡ ವರ್ಷದ ಪ್ರವಾಸಕ್ಕೆ ಅವರಿಗೆ ಬಸ್ಸು ಹತ್ತಲಾಗಲಿಲ್ಲ. ಕಿವಿ ಪೂರ್ತಿ ಹೋಗಿತ್ತು, ಕಾಲು ಊದಿದ್ದವು. ಸಂಜೆ ಹಳ್ಳದಿಂದ ಮರಳಿದ ಮಕ್ಕಳು ತಮ್ಮ ಮನೆಗೆ ಹೋಗುವ ಬದಲು ನೇರವಾಗಿ ಅವರ ಬಾಗಿಲಿಗೆ ಬಂದರು. ಒಬ್ಬರೂ ಬಾಯಿ ತೆರೆಯಲಿಲ್ಲ. ಜುಟ್ಟು, ಬಾಲ, ನೀರಿಗೆ ಎರಗಿದ ಬಗೆ, ಎಲ್ಲವನ್ನೂ ಕೈಯಲ್ಲೇ ಹೇಳಿದರು. ಕಾಕು ಹಾಸಿಗೆಯಲ್ಲಿ ಎದ್ದು ಕುಳಿತರು. "ಕಂಡತೇನ? ಜಳಕಾ ಮಾಡಿತೇನ? ಶಬ್ಬಾಸ್ ನನ್ನ ಮಕ್ಕಳ!" ಎಂದು ಕೂಗಿದರು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಆ ಸಂಜೆ ಗಡಹಿಂಗ್ಲಜದ ಹಳ್ಳಕ್ಕೆ ರಾಜಹಕ್ಕಿ ಬಂದ ಸುದ್ದಿ ನಮ್ಮ ಓಣಿಯಲ್ಲಿ ತಿಳಿಯದವರು ಯಾರೂ ಉಳಿಯಲಿಲ್ಲ.