ಬಲಗಡೆಯ ಗಾಲಿ

ನಾನು ದೇವರನ್ನು ನಂಬುವವಳು. ಹಾಲು ಉಕ್ಕುವ ಮೊದಲೇ ನೆನಪಾದರೆ, ನೆಂಟರು ಹೊರಟ ಮೇಲೆ ಸಿಲಿಂಡರ್ ಖಾಲಿಯಾದರೆ, ಅದಕ್ಕೂ ಒಮ್ಮೆ ಕೈ ಮುಗಿಯುತ್ತೇನೆ. ಆದರೆ ಪವಾಡದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ದೇವರಿಗೆ ಬೇರೆ ಕೆಲಸ ಇಲ್ಲವೇ ಎಂದು ನಗುತ್ತಿದ್ದೆ. ಹಾಗೆ ನಕ್ಕವಳೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ಎಲ್ಲವನ್ನೂ ನಂಬಬೇಕೆಂದಿಲ್ಲ. ನಾನು ಮಾಡಿದ ತಪ್ಪನ್ನಂತೂ ನಂಬಬಹುದು, ಅದರಲ್ಲಿ ವಿಚಿತ್ರವಾದದ್ದು ಏನೂ ಇಲ್ಲ.

ನಮ್ಮನೆಯವರದ್ದು ಶಿರಸಿಯಲ್ಲಿ ಗ್ಯಾರೇಜು, ಮನೆ ಅದರ ಹಿಂದೆಯೇ. ಕೆಲವು ವರ್ಷಗಳ ಹಿಂದೆ ಅವರು ಯಾರಿಂದಲೋ ಒಂದು ಹಳೆಯ ಕ್ಯಾರವಾನ್ ಕೊಂಡು ತಂದರು. ಜೀಪಿನ ಹಿಂದೆ ಕಟ್ಟಿ ಎಳೆಯುವ ಎರಡು ಗಾಲಿಯ ಮನೆ ಅದು. ಒಳಗೆ ಹಾಸಿಗೆ, ಪುಟ್ಟ ಅಡುಗೆಕಟ್ಟೆ, ನೀರಿನ ಟ್ಯಾಂಕು ಎಲ್ಲ ಇದೆ. ಜಲಪಾತ ನೋಡಲು ಬರುವವರಿಗೆ ಜೀಪಿನೊಂದಿಗೆ ಬಾಡಿಗೆಗೆ ಕೊಡುತ್ತೇವೆ. ಪ್ರತಿ ಸಲ ಹೊರಡುವ ಮೊದಲು ಅದನ್ನು ತಪಾಸಣೆ ಮಾಡಬೇಕು. ಒಳಗಿನದ್ದು ನನ್ನ ಪಾಲು: ಟ್ಯಾಂಕಿಗೆ ಬಿಸಿನೀರು ಹಾಕಿ ತೊಳೆಯುವುದು, ಗ್ಯಾಸಿನ ಪೈಪಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೋ ನೋಡುವುದು, ಕಿಟಕಿಯ ರಬ್ಬರು ಒರೆಸುವುದು. ಗಾಲಿ, ಬೇರಿಂಗು, ಬ್ರೇಕು ಅವರ ಪಾಲು. ಆದರೂ ನಟ್ಟು ಬಿಗಿ ಮಾಡುವ ಪಾನಾ ಹಿಡಿಯುವುದನ್ನು ನನಗೂ ಕಲಿಸಿದ್ದರು. ಅವರ ಹತ್ತಿರ ಒಂದು ಟಾರ್ಕ್ ಪಾನಾ ಇದೆ. ನಟ್ಟು ಎಷ್ಟು ಬಿಗಿಯಾಗಬೇಕೋ ಅಷ್ಟಾದ ಕೂಡಲೇ ಅದು ಟಕ್ ಅನ್ನುತ್ತದೆ. ಹೆಂಗಸರ ಕೈಯಲ್ಲೂ ಆಗುವ ಕೆಲಸ.

ಮೂರು ವರ್ಷದ ಹಿಂದೆ, ನವರಾತ್ರಿಯ ನಾಲ್ಕನೇ ದಿನ. ನಾನು ತಲೆಗೆ ಸ್ನಾನ ಮಾಡಿ ಮಡಿಯುಟ್ಟು ನೈವೇದ್ಯದ ಪಾಯಸಕ್ಕೆ ಇಟ್ಟಿದ್ದೆ. ಹೊರಗೆ ನಮ್ಮನೆಯವರು ಕ್ಯಾರವಾನಿನ ಎರಡೂ ಗಾಲಿ ಬಿಚ್ಚಿ, ಬೇರಿಂಗಿಗೆ ಹೊಸ ಗ್ರೀಸ್ ತುಂಬಿ, ತಿರುಗಿ ಕೂರಿಸುತ್ತಿದ್ದರು. ಎಡಗಡೆಯದು ಪೂರ್ತಿ ಮುಗಿದಿತ್ತು. ಬಲಗಡೆಯದನ್ನು ಜಾಕಿನಿಂದ ಇಳಿಸುವಷ್ಟರಲ್ಲಿ ಫೋನ್ ಬಂತು. ಸಿದ್ದಾಪುರದ ದಾರಿಯಲ್ಲಿ ಮದುವೆಗೆ ಹೊರಟವರ ಬಸ್ಸು ಕೆಟ್ಟು ನಿಂತಿದೆ, ಮುಹೂರ್ತ ಮೀರುತ್ತದೆ, ಈಗಲೇ ಬನ್ನಿ ಎಂದು.

ಅವರು ಅಡುಗೆಮನೆಯ ಬಾಗಿಲಿಗೆ ಬಂದು, "ಬಲಗಡೆ ಗಾಲಿದು ಐದೂ ನಟ್ಟು ಕೈಯಲ್ಲೇ ಕೂರ್ಸಿಟ್ಟಿದ್ದಿ. ಟಕ್ ಹೇಳವರೆಗೆ ಬಿಗಿ ಮಾಡವು. ಗೊತ್ತಾತಾ?" ಎಂದರು.

"ಮಡಿಲಿ ಇದ್ದಿ. ನೈವೇದ್ಯ ಆದ್ಮೇಲೆ ಮಾಡ್ತೆ."

"ಎಂತಾದ್ರೂ ಮಾಡು, ಬಾಡಿಗೆಯವು ಬಪ್ಪದ್ರೊಳಗೆ ಆಗವು" ಎಂದು ಹೇಳಿ ಬೈಕ್ ಹತ್ತಿ ಹೋದರು.

ಗ್ರೀಸ್ ಮುಟ್ಟಿದರೆ ಮತ್ತೆ ಸ್ನಾನ ಮಾಡಬೇಕು, ಒಲೆಯ ಮೇಲಿನ ಪಾಯಸ ಕೆಡುತ್ತದೆ. ಬಾಡಿಗೆಯವರು ಬರುವುದು ಹನ್ನೊಂದಕ್ಕೆ. ಹೊತ್ತಿದೆ ಅಂದುಕೊಂಡೆ. ಅವರು ಒಂಬತ್ತೂವರೆಗೇ ಬಂದುಬಿಟ್ಟರು. ಹಾವೇರಿ ಕಡೆಯವರು: ಗಿರಿಜಾ ಎಂಬ ಹೆಂಗಸು, ಆಕೆಯ ಗಂಡ, ಅತ್ತೆ, ಐದು ವರ್ಷದ ಮಗಳು. ಆಗಷ್ಟೇ ಮಂಗಳಾರತಿ ಮುಗಿದಿತ್ತು. ಅವರಿಗೆ ಪಾಯಸ ಕೊಟ್ಟೆ, ಅತ್ತೆಗೆ ಕುಂಕುಮ ಕೊಟ್ಟೆ. ಕೂಸು ನನ್ನ ಸೆರಗು ಹಿಡಿದುಕೊಂಡು ಹಿಂದೆ ಹಿಂದೆ ಬಂತು. ಆರತಿ ತಟ್ಟೆ ಕೈಯಲ್ಲೇ ಇತ್ತಲ್ಲ, ಗಾಡಿಗೂ ಬೆಳಗಿದೆ. ಬಗ್ಗಿ ಗಾಲಿಗಳಿಗೆ ಕುಂಕುಮ ಹಚ್ಚಿದೆ. ಬಿಗಿಯಾಗದ ಆ ಬಲಗಡೆಯ ಗಾಲಿಗೂ ನನ್ನ ಕೈಯಾರೆ ಹಚ್ಚಿದೆ. ಆಗಲೂ ನೆನಪಾಗಲಿಲ್ಲ. ಗಿರಿಜಾಳ ಗಂಡ ಜೀಪಿಗೆ ಕಟ್ಟಿಕೊಂಡು ಮತ್ತಿಘಟ್ಟದ ಕಡೆ ಹೊರಟ. ನಾನು ಗೇಟಿನಲ್ಲಿ ನಿಂತು ಕೈ ಬೀಸಿದೆ.

ನೆನಪಾದದ್ದು ಹನ್ನೆರಡೂವರೆಗೆ. ಒಣಗಿದ ಬಟ್ಟೆ ತೆಗೆಯಲು ಗ್ಯಾರೇಜಿನ ಹಿಂದೆ ಹೋದಾಗ, ಬೆಳಿಗ್ಗೆ ಅವರು ನನಗಾಗಿ ತೆಗೆದಿಟ್ಟ ಟಾರ್ಕ್ ಪಾನಾ ಮೇಜಿನ ಮೇಲೆ ಹಾಗೆಯೇ ಇತ್ತು. ಬಟ್ಟೆ ಅಲ್ಲೇ ಬಿಟ್ಟು ಫೋನಿಗೆ ಓಡಿದೆ. ಆ ದಾರಿಯ ಇಳಿಜಾರು, ತಿರುವು ಎಲ್ಲ ನನಗೆ ಗೊತ್ತು. ಗಿರಿಜಾಗೆ ಫೋನ್ ಮಾಡಿದೆ, ಹತ್ತಲಿಲ್ಲ. ಆಕೆಯ ಗಂಡನದ್ದೂ ಹತ್ತಲಿಲ್ಲ. ಐದಾರು ಸಲ ಮಾಡಿದೆ. ಕಾಡಿನ ದಾರಿ, ಅಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು.

ಇನ್ನು ಮುಂದಿನದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ನಮ್ಮನೆಯವರಿಗೆ ಫೋನ್ ಮಾಡಲಿಲ್ಲ. ಮಾಡಿದ್ದರೆ ಅವರು ಆ ದಾರಿಯಲ್ಲಿ ಪರಿಚಯದವರು ಯಾರಿಗಾದರೂ ಹೇಳಿ ಗಾಡಿ ತಡೆಸುತ್ತಿದ್ದರು. ಅಷ್ಟು ಬುದ್ಧಿ ನನಗಿತ್ತು. ಆದರೆ ಅವರು ಏನೆನ್ನುತ್ತಾರೋ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಬಹಳ ಹೊತ್ತು ಕೂತೆ. ಅದನ್ನು ಭಕ್ತಿ ಎಂದರೆ ಸುಳ್ಳಾಗುತ್ತದೆ. ನಾನು ಅಡಗಿ ಕೂತಿದ್ದೆ. ತಾಯೀ, ಆ ಕೂಸಿಗೆ ಏನೂ ಆಗದಿರಲಿ ಎಂದು ಬೇಡಿಕೊಂಡದ್ದು ನಿಜ. ಜೊತೆಗೆ, ನನ್ನಿಂದ ಆಯಿತು ಎಂದು ಯಾರಿಗೂ ಗೊತ್ತಾಗದಿರಲಿ ಎಂದೂ ಬೇಡಿಕೊಂಡೆ.

ನಾಲ್ಕು ಗಂಟೆ ಹೊತ್ತಿಗೆ ಗಿರಿಜಾಳ ಕರೆ ಬಂತು. ಇಳಿದುಕೊಂಡ ಜಾಗದವರ ಮನೆಯ ವೈಫೈ ಸಿಕ್ಕಿತಂತೆ. "ಮುಟ್ಟಿದ್ವಿ ರೀ ಅಕ್ಕಾರ, ಜಾಗಾ ಭಾಳ ಛಲೋ ಐತಿ" ಎಂದಳು. ಗಾಡಿ ಮಾತ್ರ ಅಲ್ಲಾಡಿಸಬೇಡಿ, ನಾವೇ ಬರುತ್ತೇವೆ ಎಂದೆ. ಆಗಷ್ಟೇ ಮನೆಗೆ ಬಂದಿದ್ದ ನಮ್ಮನೆಯವರ ಹತ್ತಿರ ಒಂದು ಸುಳ್ಳು ಹೇಳಿದೆ, ಹೊರಡುವಾಗ ಬಲಗಡೆ ಬೇರಿಂಗಿನಲ್ಲಿ ಏನೋ ಸದ್ದು ಬಂದ ಹಾಗಾಯಿತು ಎಂದು. ಅವರು ಉಣ್ಣದೇ ಹೊರಟರು. ಪಾನಾ ಹಿಡಿದುಕೊಂಡು ನಾನೂ ಬೈಕಿನ ಹಿಂದೆ ಕೂತೆ. ದಾರಿಯುದ್ದಕ್ಕೂ ರಸ್ತೆಯ ಮೇಲೆ ನಟ್ಟು ಬಿದ್ದಿದೆಯೇ ಎಂದು ನೋಡುತ್ತಾ ಹೋದೆ.

ಅಲ್ಲಿ ಹೋಗಿ ಅವರು ಗಾಲಿಯ ಮುಂದೆ ಕೂತು ಮೊದಲ ನಟ್ಟಿಗೆ ಪಾನಾ ಹಾಕಿದರು. ನಟ್ಟು ಕೂದಲೆಳೆಯಷ್ಟೂ ತಿರುಗಲಿಲ್ಲ. ಟಕ್. ಎರಡನೆಯದು, ಟಕ್. ಐದಕ್ಕೂ ಹಾಗೆಯೇ. ಬೇರಿಂಗೂ ಸರಿಯಿತ್ತು.

ಅವರು ಎದ್ದು ಎಲ್ಲರ ಮುಂದೆ, "ನೋಡಿ, ಇವಳ ಕೆಲಸ ಅಂದ್ರೆ ಹೀಗೆ. ನಮ್ಮ ಗ್ಯಾರೇಜಿಗೆ ಇವಳನ್ನೇ ಇಟ್ಕೊಂಡ್ರೆ ಸಾಕು" ಎಂದು ನಕ್ಕರು. ನಾನೂ ನಕ್ಕೆ. ಆ ನಗು ಇವತ್ತಿಗೂ ಬಾಯಲ್ಲಿ ಕಹಿಯಾಗಿಯೇ ಇದೆ.

ಅಷ್ಟರಲ್ಲಿ ಗಿರಿಜಾ ಪಾನಾದ ಕಡೆ ಕೈ ತೋರಿಸಿ, "ಏ, ಇದ ನೋಡ್ರಿ, ಇದ ಸಪ್ಪಳ!" ಎಂದು ಗಂಡನ ತೋಳು ಹಿಡಿದು ಅಲ್ಲಾಡಿಸಿದಳು. ಅಲ್ಲಲ್ಲಿ ನಿಲ್ಲಿಸಿಕೊಂಡು ಹೋಗಿ, ಮಧ್ಯಾಹ್ನ ಇಳಿಜಾರಿನಲ್ಲಿ ಅತ್ತೆಗೆ ವಾಂತಿ ಬಂದಂತಾಗಿ ಗಾಡಿ ನಿಲ್ಲಿಸಿದ್ದರಂತೆ. ಎಲ್ಲರೂ ಜೀಪಿನ ಮುಂದೆ ನೆರಳಿನಲ್ಲಿ ಕೂತಿದ್ದಾಗ ಹಿಂದಿನಿಂದ ಟಕ್, ಟಕ್ ಎಂದು ನಿಧಾನವಾಗಿ ಸದ್ದು ಬಂತಂತೆ. "ಐದು ಸಲ ರೀ. ನಮ್ಮ ಕೂಸು ಎಣಿಸ್ತು. ಇವರು ಎದ್ದು ಹೋಗಿ ನೋಡ್ಯಾರ, ಯಾರೂ ಇಲ್ಲ. ಮಂಗ್ಯಾ ಇರಬೇಕು ಅಂತ ನಕ್ಕು ಬಿಟ್ವಿ."

"ಇಳಿಜಾರಲ್ಲಿ ಬ್ರೇಕಿನ ಡ್ರಮ್ ಬಿಸಿ ಆಗ್ತದೆ, ತಣ್ಣಗಾಗುವಾಗ ಹಾಗೆ ಸದ್ದು ಬರ್ತದೆ" ಎಂದರು ನಮ್ಮನೆಯವರು.

"ಎಷ್ಟು ಹೊತ್ತಿಗೆ?" ಎಂದು ನಾನು ಕೇಳಿದೆ.

"ಒಂದು ಗಂಟೆ ಆಗಿರಬೇಕ್ರಿ."

ಒಂದು ಗಂಟೆಗೆ ನಾನು ಎಲ್ಲಿದ್ದೆ ಎಂದು ಆಗಲೇ ಹೇಳಿದ್ದೇನೆ.

ಆಮೇಲೆ ನಾನು ಲೆಕ್ಕವಿಲ್ಲದಷ್ಟು ಸಲ ಯೋಚಿಸಿದೆ. ಜೀಪಿನ ಪಾನಾ ಆ ನಟ್ಟಿಗೆ ಕೂರುವುದಿಲ್ಲ. ಸರಿಯಾದ ಪಾನಾ ಮನೆಯಲ್ಲಿತ್ತು. ನಮ್ಮನೆಯವರೇ ಬಿಗಿ ಮಾಡಿ ಮರೆತಿರಬಹುದೇ? ಒಂದು ದಿನ ಊಟಕ್ಕೆ ಬಡಿಸುತ್ತಾ ಕೇಳಿಯೂ ನೋಡಿದೆ. "ಮರ್ಲಾ ನಿಂಗೆ? ನಿನ್ನ ಹತ್ರ ಹೇಳಿಕ್ಕಿ ಹೋದ್ದು ಎಂತಕ್ಕೆ ಮತ್ತೆ?" ಎಂದರು. ನಾನೇ ಮಾಡಿ ಮರೆತೆನೇ? ಮಡಿ ಸೀರೆಯಲ್ಲಿ ಒಂದು ಚುಕ್ಕೆ ಗ್ರೀಸ್ ಇರಲಿಲ್ಲ. ತಾಯಿಯೇ ಬಂದಳು ಎನ್ನೋಣವೆಂದರೆ, ಅಡಗಿ ಕೂತವಳ ಮಾತನ್ನು ಅವಳು ಯಾಕೆ ಕೇಳಬೇಕು? ಕೂಸಿಗಾಗಿ ಬಂದಿರಬಹುದು. ನನಗೆ ಗೊತ್ತಿಲ್ಲ.

ಗೊತ್ತಿಲ್ಲ ಎಂದುಕೊಂಡು ಹೀಗೇ ಇದ್ದುಬಿಡುತ್ತಿದ್ದೆನೇನೋ. ಹೋದ ತಿಂಗಳು ಗಿರಿಜಾ ಫೋನ್ ಮಾಡಿದಳು. ಈ ನವರಾತ್ರಿಗೆ ಮತ್ತೆ ಬರುತ್ತಾರಂತೆ. "ಬ್ಯಾರೆ ಗಾಡಿ ಬ್ಯಾಡ್ರಿ ಅಕ್ಕಾರ. ನಿಮ್ಮ ಕೈಯಾಗ ತಯಾರಾದ ಗಾಡಿನ ಬೇಕು. ನಿಮ್ಮ ಮ್ಯಾಲೆ ನಮಗ ಅಷ್ಟು ಭರೋಸಾ" ಎಂದಳು. ನನಗೆ ತಡೆಯಲಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಮಡಿ, ಪಾಯಸ, ಮೇಜಿನ ಮೇಲಿದ್ದ ಪಾನಾ, ಯಾರಿಗೂ ಹೇಳದೆ ಕೂತದ್ದು, ಎಲ್ಲ.

ಆ ಕಡೆ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿತು.

"ಅಕ್ಕಾರ, ಅವತ್ತು ನಿಮ್ಮ ಯಜಮಾನ್ರ ಮುಂದ ನಾನೂ ಹೇಳಲಿಲ್ಲ" ಎಂದಳು ಆಮೇಲೆ. "ಜೀಪು ಓಡುವಾಗ ಹಿಂದಿನ ಗಾಡ್ಯಾಗ ಯಾರೂ ಕುಂದ್ರಬಾರದು ಅಂತ ಅವರು ಫೋನಿನ್ಯಾಗ ಬಡಕೊಂಡು ಹೇಳಿದ್ರು. ಆ ಸಪ್ಪಳ ಆದ ಮ್ಯಾಲೆ ಅತ್ತೀನ್ನ, ಕೂಸಿನ್ನ ಅದರಾಗ ಮಲಗಿಸಿದ್ವಿ ರೀ. ಮುಂದಿನ ಇಳಿಜಾರೆಲ್ಲಾ ಅವರಿಬ್ಬರೂ ಅದರಾಗ ಇದ್ರು."

ಕೊನೆಗೆ ಅವಳು, "ಇಡ್ತೀನ್ರಿ" ಎಂದು ಇಟ್ಟಳು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ನಮ್ಮನೆಯವರಿಗೆ ಇನ್ನೂ ಗೊತ್ತಿಲ್ಲ. ಬಾಯಿಬಿಟ್ಟು ಹೇಳಲು ಹೊರಟಾಗೆಲ್ಲ ಬೇರೆ ಮಾತು ತೆಗೆಯುತ್ತೇನೆ. ಅದಕ್ಕೇ ಬರೆದೆ. ಅವರು ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾರೆ. ಇವತ್ತು ಇದನ್ನು ಅವರ ಕೈಗೆ ಸಿಗುವಲ್ಲಿ ಇಡುತ್ತೇನೆ. ಇಟ್ಟು, ಈ ಸಲ ದೇವರ ಕೋಣೆಗೆ ಹೋಗದೆ ಅವರ ಎದುರಿಗೇ ಕೂರಬೇಕು.