ಇಳಿದು ದಾಟುವ ಏರು

ರೈಲ್ವೆ ಗೇಟು ಬಿದ್ದ ಮೇಲೆ ಮೊದಲು ಗದ್ದಲ ಹೆಚ್ಚಾಗುತ್ತದೆ. ಹಿಂದಿನವರು ಹಾರ್ನ್ ಒತ್ತುತ್ತಾರೆ, ಹಾರ್ನಿಗೆ ಹೆದರಿ ಗೇಟು ಎದ್ದೀತು ಎಂಬ ಆಸೆ. ಆಮೇಲೆ ಬೇಸತ್ತು ಒಬ್ಬೊಬ್ಬರೇ ಎಂಜಿನ್ ಬಂದ್ ಮಾಡುತ್ತಾರೆ. ಆಟೋ ಸುಮ್ಮನಾಗುತ್ತದೆ, ಲಾರಿ ಸುಮ್ಮನಾಗುತ್ತದೆ, ಕೊನೆಗೆ ಟ್ರ್ಯಾಕ್ಟರ್ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಆಗ ಬಿಸಿ ಡೀಸೆಲ್ಲಿನ ವಾಸನೆಯ ಒಳಗಿಂದ ಗದ್ದೆಯ ಹಸಿ ಕೆಸರಿನ ವಾಸನೆ ಮೆಲ್ಲಗೆ ಬರುತ್ತದೆ. ಸಿಂಧನೂರಿಗೆ ರೈಲು ಬಂದದ್ದು ಇತ್ತೀಚೆಗೆ. ಹಳಿ ಹಾಕಿ, ಗಾಡಿ ಬಾರದೆ ಇದ್ದ ದಿನಗಳಲ್ಲಿ ನಮ್ಮ ಜನ ಅದರ ಪಕ್ಕದ ಸಪಾಟು ನೆಲ ಕಂಡು ಖುಷಿಪಟ್ಟು ಭತ್ತ ಒಣಹಾಕಿದ್ದರು. ಆ ಸಲಿಗೆ ಇನ್ನೂ ಹೋಗಿಲ್ಲ. ಈಗಲೂ ಬಿದ್ದ ಗೇಟಿನ ಕೆಳಗೆ ಬೈಕು ಮಲಗಿಸಿ ನುಸುಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೊನ್ನೆ ಒಬ್ಬನಿಗೆ, 'ಏ ತಮ್ಮಾ, ನಿಂದರಲೇ, ಮನ್ಯಾಗ ಯಾರೂ ಇಲ್ಲೇನು ನಿನಗ' ಎಂದು ಕೂಗಿಯೇಬಿಟ್ಟೆ. ಆತ ನಿಂತ. ಕೂಗಿದ ದನಿ ನನ್ನದಲ್ಲ ಅನ್ನಿಸಿತು. ಅದು ನೀಲಮ್ಮ ದೊಡ್ಡವ್ವನದು.

ನಮ್ಮದು ಸಿಂಧನೂರಿನಿಂದ ಮಸ್ಕಿಗೆ ಹೋಗುವ ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ, ಕಾಲುವೆಯ ಕಡೆಗಿದ್ದ ಕೂಡುಮನೆ. ಅಪ್ಪನಿಗೆ ಲಿಂಗಸುಗೂರಿನ ಕಚೇರಿಯಲ್ಲಿ ನೌಕರಿ. ಅಲ್ಲಿನ ಬಾಡಿಗೆ ಕೋಣೆಯಲ್ಲಿ ಮಗುವಿಗೆ ಆಡಲು ಜಾಗವಿಲ್ಲ ಎಂಬ ನೆಪದಲ್ಲಿ ನನ್ನನ್ನು ಅಜ್ಜನ ಮನೆಯಲ್ಲೇ ಬಿಟ್ಟಿದ್ದರು. ಬಿಟ್ಟದ್ದೇ ಒಳ್ಳೆಯದಾಯಿತು. ಪಡಸಾಲೆಯ ತುಂಬ ಭತ್ತದ ಚೀಲಗಳು, ಅವುಗಳ ಮೇಲೆ ಮಲಗಿದರೆ ಬೆನ್ನಿಗೆ ಚುಚ್ಚುವ ಸೆಣಬು, ಬೆಳಗ್ಗೆ ಒಳಗಿಂದ ರೊಟ್ಟಿ ಬಡಿಯುವ ಸದ್ದು, ಪುಂಡಿಪಲ್ಯ ಕುದಿಯುವಾಗ ಹಲ್ಲು ಚುಳ್ಳೆನ್ನಿಸುವ ಹುಳಿಯ ಘಮ. ಅಡುಗೆಮನೆಯ ಕಿಟಕಿಯಿಂದ ಕಾಲುವೆಯ ಏರಿ ಕಾಣುತ್ತಿತ್ತು, ನೀರು ಬಿಟ್ಟ ದಿನ ಅದರ ತಂಪು ಒಳಗೇ ಬಂದು ಕೂಡುತ್ತಿತ್ತು. ಈ ಎಲ್ಲದರ ನಡುವೆ ಇಡೀ ಮನೆಯನ್ನು ಕಣ್ಣಿನಲ್ಲೇ ಆಳುತ್ತ ಓಡಾಡುತ್ತಿದ್ದವಳು ದೊಡ್ಡವ್ವ. ಅಪ್ಪನ ಅಣ್ಣನ ಹೆಂಡತಿ. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ಸಣ್ಣ ಕಾಕ ಶಿವಪುತ್ರ ಇನ್ನೂ ಅಂಬೆಗಾಲಿಡುವ ಕೂಸು, ತಾಯಿಯನ್ನು ಕಳೆದುಕೊಂಡ ಕೂಸು. ಮೈದುನನನ್ನು ಸೊಂಟದ ಮೇಲೆ ಹೊತ್ತೇ ಅವಳು ಮನೆಗೆಲಸ ಕಲಿತಳಂತೆ. ತನಗೆ ಮಕ್ಕಳಾಗಲಿಲ್ಲ ಎಂದು ಅವಳು ಕೊರಗಿದ್ದನ್ನು ನಾನು ಕಂಡಿಲ್ಲ, ಕೊರಗಲು ಕಾಕ ಅವಳಿಗೆ ಪುರುಸೊತ್ತು ಕೊಟ್ಟಿದ್ದರೆ ತಾನೆ.

ದೊಡ್ಡವ್ವನ ತವರು ರಾಯಚೂರಿನ ಆಚೆ. ಅವಳ ಅಪ್ಪ ರೈಲ್ವೆ ಗೇಟು ಕಾಯುವ ಕೆಲಸದಲ್ಲಿದ್ದರು. ಗೇಟಿನ ಪಕ್ಕದ ಗುಡಿಸಲಿನಂಥ ಕ್ವಾರ್ಟರ್ಸಿನಲ್ಲೇ ಅವಳು ಬೆಳೆದದ್ದು. ಆ ಹಳಿಯ ಮೇಲೆಯೇ ಇನ್ನಷ್ಟು ದೂರದಲ್ಲಿ ಗೇಟಿಲ್ಲದ ಒಂದು ದಾಟು ಇತ್ತು. ಅಲ್ಲಿ ಒಮ್ಮೆ ಮದುವೆಯ ಜನ ತುಂಬಿದ್ದ ಟ್ರ್ಯಾಕ್ಟರ್ ನಿಲ್ಲದೆ ದಾಟಲು ಹೋಯಿತು. ಅಪ್ಪನ ಹಿಂದೆ ಓಡಿಹೋಗಿ ಅವಳೂ ನೋಡಿದ್ದಳು. ಏನು ನೋಡಿದಳೆಂದು ಯಾರು ಕೇಳಿದರೂ ಹೇಳುತ್ತಿರಲಿಲ್ಲ. 'ಬ್ಯಾಂಡು ಬಾರ್ಸಾಕತ್ತಿದ್ರು. ರೈಲಿನ ಕೂಗು ಯಾರಿಗೂ ಕೇಳ್ಲಿಲ್ಲ' ಎನ್ನುವಲ್ಲಿಗೆ ಮಾತು ನಿಲ್ಲಿಸಿ ಕೆಲಸಕ್ಕೆ ಕೈ ಹಾಕುತ್ತಿದ್ದಳು. ರೈಲೇ ಇಲ್ಲದ ನಮ್ಮ ಸೀಮೆಗೆ ಅವಳು ತವರಿನಿಂದ ತಂದ ಬಳುವಳಿ ಎಂದರೆ ಇದೊಂದೇ: ಸಣ್ಣ ದಾರಿ ದೊಡ್ಡ ದಾರಿಗೆ ಕೂಡುವಲ್ಲಿ ನಿಲ್ಲಬೇಕು, ಎರಡೂ ಕಡೆ ನೋಡಬೇಕು, ಕಿವಿಗೊಟ್ಟು ಕೇಳಬೇಕು, ಆಮೇಲೆ ಹೋಗಬೇಕು. ಸೈಕಲ್ಲಿನ ಮೇಲಿದ್ದರೆ ಒಂದು ಕಾಲು ನೆಲಕ್ಕೆ ಊರಲೇಬೇಕು. ಕೇರಿಯ ಹುಡುಗರು ಅವಳಿಗೆ 'ಗೇಟಮ್ಮ' ಎಂದು ಹೆಸರಿಟ್ಟಿದ್ದರು. ಅವಳು ಕೇಳಿಸಿಕೊಂಡು ನಗುತ್ತಿದ್ದಳು, ಆದರೆ ಕಾಲು ಊರದವರನ್ನು ಬಿಡುತ್ತಿರಲಿಲ್ಲ.

ನಮ್ಮ ಗದ್ದೆಗಳಿದ್ದದ್ದು ದೊಡ್ಡ ರಸ್ತೆಯ ಆಚೆಗೆ. ರಸ್ತೆ ಗದ್ದೆಯ ಮಟ್ಟಕ್ಕಿಂತ ಎತ್ತರ. ಮನೆಯ ಕಡೆಯ ದಾರಿ ಅಲ್ಲಿಗೆ ಕಡಿದಾಗಿ ಹತ್ತುತ್ತಿತ್ತು, ಅದನ್ನೇ ನಾವು ಏರು ಎನ್ನುತ್ತಿದ್ದೆವು. ನಾಟಿಯ ಕಾಲದಲ್ಲಿ ಕಾಕ ಬಂಗಾಳದ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಿಂದ ಹೆಂಗಸರನ್ನು ಟ್ರೇಲರಿನಲ್ಲಿ ತುಂಬಿಕೊಂಡು ಕಾಲುವೆ ದಾರಿಯಲ್ಲಿ ಬರುತ್ತಿದ್ದ. ಏರಿನ ಬುಡಕ್ಕೆ ಬಂದನೆಂದರೆ ಗೇರು ಬದಲಿಸಿ, ಟೇಪಿನ ಹಾಡು ಜೋರು ಮಾಡಿ, ಒಂದೇ ಓಟಕ್ಕೆ ಮೇಲೇರಿ ರಸ್ತೆಗೆ ಅಡ್ಡ ನುಗ್ಗಿ ಆಚೆ ಇಳಿಯುತ್ತಿದ್ದ. ಅದು ಬರೀ ಹುಡುಗಾಟವಲ್ಲ. ಜನ ತುಂಬಿದ ಟ್ರೇಲರನ್ನು ಏರಿನ ನಡುವೆ ನಿಲ್ಲಿಸಿದರೆ ಮತ್ತೆ ಮುಂದಕ್ಕೆ ಎಳೆಯುವುದು ಕಷ್ಟ, ಹಿಂದಕ್ಕೆ ಜಾರಿದರೆ ಕಾಲುವೆ. ಸುತ್ತಿನ ಎಲ್ಲ ಟ್ರ್ಯಾಕ್ಟರಿನವರೂ ಹಾಗೆಯೇ ದಾಟುತ್ತಿದ್ದರು. ಟ್ರ್ಯಾಕ್ಟರ್ ಹೊಡೆಯುವುದೆಂದರೆ ಏರನ್ನು ಒಂದೇ ಉಸಿರಿಗೆ ಹತ್ತಿಸುವುದು ಎಂದೇ ನಮ್ಮ ಕಡೆ ಲೆಕ್ಕ.

ನಾನು ಸಣ್ಣವಳಿದ್ದ ಒಂದು ವರ್ಷ ಬುತ್ತಿ ಒಯ್ಯುವ ಆಳು ಬಾರದೆ, ಮಜ್ಜಿಗೆಯ ಕೊಡ ಹಿಡಿದು ದೊಡ್ಡವ್ವ ತಾನೇ ಟ್ರೇಲರ್ ಹತ್ತಿದಳು. ಅವಳ ಸೆರಗು ಹಿಡಿದು ನಾನೂ ಹತ್ತಿದೆ. ಏರು ಹತ್ತಿ ರಸ್ತೆಯ ನಡುವಿಗೆ ಬಂದಾಗ ಮಸ್ಕಿಯ ಕಡೆಯಿಂದ ಒಂದು ಬಸ್ಸು ಬಂತು. ಅದರ ಬ್ರೇಕಿನ ಕಿರುಚು ನನ್ನ ಕಿವಿಯಲ್ಲಿ ಇನ್ನೂ ಇದೆ. ಬಸ್ಸು ನಮ್ಮ ಹಿಂದಿನಿಂದ ಗಾಳಿ ಬೀಸಿಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ, ಮಜ್ಜಿಗೆ ಮಾತ್ರ ಎಲ್ಲರ ಸೀರೆಯ ಮೇಲೆ ಚೆಲ್ಲಿತು. ಹೆಂಗಸರು ನಕ್ಕರು. ಕಾಕ ಹಾಡಿನ ಗುಂಗಿನಲ್ಲಿ ತಿರುಗಿಯೂ ನೋಡಲಿಲ್ಲ. ದೊಡ್ಡವ್ವ ಖಾಲಿ ಕೊಡವನ್ನು ತಬ್ಬಿಕೊಂಡು ಕೂತಿದ್ದಳು. ರಾತ್ರಿ ಊಟಕ್ಕೆ ಬಡಿಸುವಾಗ, 'ನಾಳಿಂದ ಏರಿನ ಬುಡಕ್ಕ ನಿಂದರ್ಸಿ ಹೋಗು' ಎಂದಳು. ಕಾಕ ನಕ್ಕ. 'ವೈನಿ, ಅಲ್ಲಿ ನಿಂತ್ರ ಗಾಡಿ ಹಿಂದಕ ಜಾರತೈತಿ. ನಿಮ್ಮಪ್ಪನ ಗೇಟು ಅಲ್ಲ ಅದು' ಎಂದ. ಅವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ಮಾತು ನಿಲ್ಲಿಸಿದಳೆಂದರೆ ನಿರ್ಧಾರ ಮುಗಿದಿದೆ ಎಂದೇ ಅರ್ಥ, ಪಾಪ ಕಾಕನಿಗೆ ಅದು ಗೊತ್ತಿರಬೇಕಿತ್ತು.

ಮರುದಿನ ಬೆಳಗ್ಗೆ ರೊಟ್ಟಿಯ ಕೆಲಸ ಮನೆಯಲ್ಲಿದ್ದ ನನ್ನ ಸೋದರತ್ತೆಗೆ ವಹಿಸಿ, ದೊಡ್ಡವ್ವ ಏರಿನ ಬುಡಕ್ಕೆ ಹೋಗಿ ದಾರಿಯ ನಡುವೆ ಚಕ್ಕಂಬಕ್ಕಳ ಹಾಕಿ ಕೂತಳು. ಕಾಕ ಟ್ರ್ಯಾಕ್ಟರ್ ನಿಲ್ಲಿಸಿದ. ನಿಲ್ಲಿಸದೆ ಏನು ಮಾಡಿಯಾನು. 'ಏಳ್ರಿ ವೈನಿ, ಮಂದಿ ನೋಡಾಕತ್ತಾರ' ಎಂದ. 'ನೋಡ್ಲಿ. ಇವರ್ನೆಲ್ಲ ಇಳಸು. ನಡಕೊಂತ ದಾಟ್ಲಿ. ಗಾಡಿ ಖಾಲಿ ಆತಂದ್ರ ಏರಿನ ಮ್ಯಾಲೆ ಎಲ್ಲಿ ಬೇಕಲ್ಲಿ ನಿಲ್ಲತೈತಿ' ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹತ್ತಿ ಕೂತ ಮೇಲೆ ಇಳಿಯುವುದು ಯಾರಿಗೆ ಬೇಕು. ಮೊದಲು ಇಳಿದವಳು ಕ್ಯಾಂಪಿನ ಮಾಲತಿ, ನಾಟಿಯ ತಂಡ ಕಟ್ಟಿಕೊಂಡು ಬರುತ್ತಿದ್ದವಳು. ಸೀರೆಯನ್ನು ಮೇಲಕ್ಕೆ ಕಟ್ಟಿ, 'ನೀಲಮ್ಮ ಹೇಳೂದು ಬರೋಬ್ಬರಿ ಐತಿ. ನನ್ನ ಮನ್ಯಾಗ ಸಣ್ಣ ಹುಡುಗ್ರು ಅದಾವ. ನಾ ನಡೀತೀನಿ' ಎಂದು ಹತ್ತತೊಡಗಿದಳು. ಉಳಿದವರು ಹಿಂಬಾಲಿಸಿದರು. ಬಣ್ಣಬಣ್ಣದ ಸೀರೆಗಳ ಸಾಲು ರಸ್ತೆಯ ಅಂಚಿಗೆ ಹೋಗಿ ನಿಂತು, ಎರಡೂ ಕಡೆ ನೋಡಿ, ದಾಟಿ ಆಚೆ ಇಳಿಯಿತು. ಎಲ್ಲರೂ ದಾಟಿದ ಮೇಲೆ ಕಾಕ ಸಿಟ್ಟಿನಿಂದ ಖಾಲಿ ಗಾಡಿಯನ್ನು ಮೊದಲಿಗಿಂತ ಜೋರಾಗಿ ನುಗ್ಗಿಸಿಕೊಂಡು ಹೋದ. ದೊಡ್ಡವ್ವ ಹಿಂದೆಯೇ ಏರು ಹತ್ತಿ ರಸ್ತೆಯ ಅಂಚಿನಲ್ಲಿ ನಿಂತು ಕೂಗಿದಳು, 'ನಿನ್ನ ನೀ ಭತ್ತದ ಚೀಲ ಅನ್ಕೊಂಡಿಯೇನಲೇ? ಅವರ ಸಲುವಾಗಿ ಅಲ್ಲ, ನಿನ್ನ ಸಲುವಾಗಿ ನಾ ಅಂಜಾಕತ್ತಿದ್ದು.'

ಅಂದಿನಿಂದ ಹೆಂಗಸರು ದಿನವೂ ಇಳಿದು ದಾಟಿದರು, ಕಾಕ ದಿನವೂ ನಿಲ್ಲದೆ ದಾಟಿದ. ದೊಡ್ಡವ್ವನೂ ದಿನವೂ ಹೋಗಿ ನಿಂತಳು. ಅಜ್ಜ 'ಹಟಮಾರಿ ಮಂದಿ, ಒಂದಽ ಮೊಲಿ ಹಾಲು ಕುಡದೋರಂಗ ಆಡ್ತಾರ' ಎಂದು ತಲೆ ಕೊಡವಿದರು. ಮನೆಯಲ್ಲಿ ಇಬ್ಬರ ನಡುವೆ ಮಾತು ನಿಂತಿತ್ತು. ಆದರೂ ಅವನ ರೊಟ್ಟಿಗೆ ಬೆಣ್ಣೆ ಹಚ್ಚುವುದು ನಿಂತಿರಲಿಲ್ಲ. ನನಗೋ ಇಬ್ಬರೂ ಬೇಕಾದವರೇ. ಹೀಗಿರುವಾಗ ಒಂದು ಬೆಳಗ್ಗೆ ದೊಡ್ಡವ್ವನಿಗೆ ಜ್ವರ ಬಂದು ಏಳಲಾಗಲಿಲ್ಲ. 'ಇವತ್ತು ಯಾರು ನೋಡ್ತಾರ ಅವನ್ನ' ಎಂದು ಹಾಸಿಗೆಯಲ್ಲೇ ಚಡಪಡಿಸಿದಳು. ನನ್ನನ್ನು ಅತ್ತೆಯ ಜೊತೆ ಬುತ್ತಿಗೆ ಕಳಿಸಿದರು. ಏರಿನ ಬುಡದಲ್ಲಿ ಹೆಂಗಸರು ಇಳಿದರು, ದಾಟಿದರು, ಆಚೆ ಅಂಚಿನಲ್ಲಿ ಸಾಲಾಗಿ ನಿಂತು ಹಿಂತಿರುಗಿ ನೋಡಿದರು. ಮಾಲತಿ ಕೈ ಎತ್ತಿ ಕೂಗಿದಳು, 'ಶಿವಪುತ್ರಪ್ಪಾ, ಇವತ್ತು ನೀಲಮ್ಮ ಬಂದಿಲ್ಲ. ಹಾಡು ಬಂದ್ ಮಾಡಿ, ನಿಂತು, ನೋಡಿ ಬಾ. ಇಲ್ಲಾಂದ್ರ ನಾವು ವಾಪಸ್ ಹೋಗ್ತೀವಿ.' ನಾಟಿಯ ಭರಾಟೆಯ ವಾರ ಅದು. ಸಸಿ ಬಲಿಯುತ್ತಿತ್ತು, ಪ್ರತಿ ಗದ್ದೆಯವನೂ ಆ ಹೆಂಗಸರ ಕೈಗಾಗಿ ಕಾಯುತ್ತಿದ್ದ. ಕಾಕ ಹೆಂಗಸರ ಸಾಲನ್ನೊಮ್ಮೆ ನೋಡಿದ. ಆಮೇಲೆ ಟೇಪು ಬಂದ್ ಮಾಡಿದ. ಮೆಲ್ಲಗೆ ಹತ್ತಿ, ರಸ್ತೆಯ ಅಂಚಿನಲ್ಲಿ ನಿಲ್ಲಿಸಿ, ಸಿಂಧನೂರಿನ ಕಡೆ ನೋಡಿದ, ಮಸ್ಕಿಯ ಕಡೆ ನೋಡಿದ. ಖಾಲಿ ಗಾಡಿ ಜಾರಲಿಲ್ಲ. ಸಂಜೆ ಮನೆಗೆ ಬಂದವನು ದೊಡ್ಡವ್ವನ ಹಾಸಿಗೆಯ ಬಳಿ ಕೂತು, 'ಜ್ವರ ಬಿಡ್ತೇನ್ರಿ? ಇವತ್ತು ನಿಂತು ದಾಟೀನಿ' ಎಂದ. ಅವಳು ಗೋಡೆಯ ಕಡೆ ತಿರುಗಿ ಅತ್ತಳು.

ಆ ಹೆಂಗಸರು ನಮ್ಮ ಗದ್ದೆಗೆ ಮಾತ್ರ ಹೋಗುವವರಲ್ಲವಲ್ಲ. ಬೇರೆಯವರ ಟ್ರೇಲರ್ ಹತ್ತಿದಾಗಲೂ ಏರಿನ ಬುಡದಲ್ಲಿ 'ನಿಂದರ್ಸು, ಇಳೀತೀವಿ' ಎನ್ನತೊಡಗಿದರು. ಗೊಣಗಿದ ಟ್ರ್ಯಾಕ್ಟರಿನವರು ಒಂದೆರಡು ನಾಟಿಯೊಳಗೆ ದಾರಿಗೆ ಬಂದರು. ಅದನ್ನು ಇಳಿದು ದಾಟುವ ಏರು ಎಂದೇ ಕರೆಯತೊಡಗಿದರು, ಯಾಕೆಂದು ಹೊಸಬರಿಗೆ ತಿಳಿಯದಷ್ಟು ಅದು ರೂಢಿಯಾಯಿತು. ಇಷ್ಟೆಲ್ಲ ಆಗಿ ಅಲ್ಲಿ ನಡೆದದ್ದೇನು ಎಂದು ನೀವು ಕೇಳಬಹುದು. ಏನೂ ನಡೆಯಲಿಲ್ಲ. ನಾನು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಜಾಣತನ ತೋರಿಸಲು, 'ಅಷ್ಟು ಜಗಳಾಡಿದಿ, ಅಲ್ಲಿ ಒಂದು ದಿನಾನೂ ಏನೂ ಆಗ್ಲೇ ಇಲ್ಲಲ್ಲ ದೊಡ್ಡವ್ವ' ಎಂದಿದ್ದೆ. ಅವಳು ಅಕ್ಕಿ ಆರಿಸುತ್ತ ತಲೆ ಎತ್ತದೆ, 'ಅದಕ್ಕಽ ಅಲ್ಲೇನವ್ವಾ ಜಗಳಾಡಿದ್ದು' ಎಂದಳು. ಇಂಥವಳು ಬದುಕಿಕೊಂಡಳು ಎಂದು ಬೊಟ್ಟು ಮಾಡಿ ತೋರಿಸಲು ಯಾರೂ ಇಲ್ಲ. ಎಲ್ಲರೂ ಸಂಜೆ ತಮ್ಮ ತಮ್ಮ ಮನೆಗೆ ಹೋದರು, ಒಲೆ ಹಚ್ಚಿದರು, ಮಕ್ಕಳಿಗೆ ಉಣಿಸಿದರು, ಅಷ್ಟೇ.

ಆ ಮನೆ ಈಗಿಲ್ಲ. ಅಜ್ಜ ಹೋದ ಮೇಲೆ ಗದ್ದೆ ಪಾಲಾಯಿತು, ಪಡಸಾಲೆ ಇದ್ದ ಜಾಗದಲ್ಲಿ ಯಾರದೋ ತಗಡಿನ ಗೋದಾಮು ನಿಂತಿದೆ. ನಿಮಗೂ ಇಂಥ ಒಂದು ಮನೆ ಇದ್ದೀತು, ಅದರ ಮುಂದಿನಿಂದ ಹೋಗುವಾಗ ನೀವೂ ಮುಖ ಬೇರೆ ಕಡೆ ತಿರುಗಿಸುತ್ತಿರಬಹುದು. ದೊಡ್ಡವ್ವ ಸಿಂಧನೂರಿಗೆ ರೈಲು ಬರುವ ಮೊದಲೇ ಹೋದಳು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಹೂವಿನ ಕುರ್ಚಿ ಕಟ್ಟಿ, ಹೊಲಕ್ಕೆ ಒಯ್ದು ಮಣ್ಣು ಮಾಡುತ್ತಾರೆ. ಹೊಲ ದೂರ ಎಂದು ಕುರ್ಚಿಯನ್ನು ಟ್ರೇಲರಿನಲ್ಲಿ ಇಟ್ಟಿದ್ದರು. ತಲೆ ನರೆತಿದ್ದ ಕಾಕ ತಾನೇ ಟ್ರ್ಯಾಕ್ಟರ್ ಹೊಡೆಯುತ್ತೇನೆಂದು ಕೂತಿದ್ದ. ಭಜನೆಯವರು ಮುಂದೆ, ಟ್ರೇಲರಿನಲ್ಲಿ ಅವಳ ಸುತ್ತ ನಾವು, ಕ್ಯಾಂಪಿನಿಂದ ಬಂದಿದ್ದ ಮುದುಕಿ ಮಾಲತಿ. ಏರಿನ ಬುಡಕ್ಕೆ ಬಂದಾಗ ಗಾಡಿ ನಿಂತಿತು. ಯಾರೂ ಹೇಳದೆ ನಾವೆಲ್ಲ ಇಳಿದೆವು. ಕುರ್ಚಿಯಲ್ಲಿ ದೊಡ್ಡವ್ವ ಒಬ್ಬಳೇ ಉಳಿದಳು.

ಕಾಕ ಎಂಜಿನ್ ಬಂದ್ ಮಾಡಿದ. ಭಜನೆಯವರಿಗೂ ಕೈ ಮಾಡಿದ, ತಾಳಗಳು ನಿಂತವು. ಕೆಳಗಿಳಿದು ಬಂದು ಟ್ರೇಲರಿನ ಅಂಚು ಹಿಡಿದು ಅವಳನ್ನೇ ನೋಡುತ್ತ ನಿಂತ. 'ಆಕಿನ್ನೂ ಇಳಸ್ರಿ' ಎಂದ. ಹಿರಿಯರೊಬ್ಬರು, 'ಹೊಲ ಮುಟ್ಟೂತನಕ ದಾರ್ಯಾಗ ಇಳಸಬಾರ್ದಪಾ ಶಿವಪುತ್ರಾ' ಎಂದರು. 'ನೆಲಕ್ಕ ಇಡೂದಿಲ್ರಿ. ನಮ್ಮ ಹೆಗಲ ಮ್ಯಾಲೆ ದಾಟ್ತಾಳ' ಎಂದ ಕಾಕ. ಕುರ್ಚಿ ಹೆಗಲಿಗೆ ಬಂತು, ಮುಂದಿನ ಕಂಬಕ್ಕೆ ಕಾಕನೇ ಹೆಗಲು ಕೊಟ್ಟ. ಏರು ಹತ್ತಿ ರಸ್ತೆಯ ಅಂಚಿನಲ್ಲಿ ಎಲ್ಲರೂ ನಿಂತರು. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ. ಮಸ್ಕಿಯ ಕಡೆಯಿಂದ ಬಂದ ಲಾರಿ ದೂರದಲ್ಲೇ ನಿಂತುಕೊಂಡಿತು. 'ನಡೀರಿ' ಎಂದ, ನಾವು ದಾಟಿದೆವು. ಆಚೆ ಇಳಿದ ಮೇಲೆ ಅವಳನ್ನು ಮತ್ತೆ ಟ್ರೇಲರಿಗೆ ಹತ್ತಿಸುವ ಮಾತನ್ನು ಯಾರೂ ಎತ್ತಲಿಲ್ಲ. ಕೂಸಾಗಿದ್ದಾಗ ತನ್ನನ್ನು ಹೊತ್ತು ತಿರುಗಿದವಳನ್ನು ಕಾಕ ಹೊಲದವರೆಗೂ ಹೆಗಲು ಬದಲಿಸದೆ ಹೊತ್ತುಕೊಂಡು ಹೋದ.