ತಂಬೂರಿಯ ಬುರುಡೆಗೆ ಹಚ್ಚಿದ ತೆಳು ರೆಸಿನ್

ಎಂಬತ್ತರ ದಶಕದ ಆರಂಭದಲ್ಲಿ ನಾನು ತಿಪಟೂರಿನಲ್ಲಿ ಫೈಬರ್ ಗ್ಲಾಸ್ ಕೆಲಸದ ಸಣ್ಣ ಶೆಡ್ ಇಟ್ಟುಕೊಂಡಿದ್ದೆ. ಒಡೆದ ಸ್ಕೂಟರ್ ಮಡ್‌ಗಾರ್ಡು, ಕೊಬ್ಬರಿ ಮಂಡಿಗಳ ನಾಮಫಲಕ, ಸೋರುವ ತೊಟ್ಟಿ, ಯಾವುದೇ ಇರಲಿ, ಗಾಜಿನ ನಾರಿನ ಬಟ್ಟೆ ಹಾಸಿ, ಒಣಗಿದರೆ ಗಟ್ಟಿಯಾಗುವ ರೆಸಿನ್ ಅಂಟು ಬಳಿದರೆ ಉಳಿಸಬಹುದೆಂಬ ಜಂಬ ಆಗ ನನಗಿತ್ತು.

ತುರುವೇಕೆರೆಯಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದ ಟೀಚರೊಬ್ಬರು ಒಂದು ದಿನ ಬಸ್ಸಿನಲ್ಲಿ ಕಂಬಳಿ ಸುತ್ತಿದ ತಂಬೂರಿ ತಂದರು. ಅದರ ಸೋರೆ ಬುರುಡೆ ಗೇಣುದ್ದ ಸೀಳಿತ್ತು.

"ತೇಪೆ ಹಾಕಿದಂಗೆ ಕಾಣಬಾರದು ಕಣಪ್ಪ. ಬಣ್ಣ ಹಂಗೇ ಇರ್ಲಿ" ಎಂದರು.

ನನ್ನ ಬಳಿ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ದಿನವೂ ಬಳಸುವ, ಜೇನಿನಷ್ಟು ಮಂದವಾದ ರೆಸಿನ್. ಬಳಿದ ಕಡೆ ನಿಲ್ಲುತ್ತಿತ್ತು, ಆದರೆ ಗುಳ್ಳೆ ಹಿಡಿದು ಬಟ್ಟೆ ಅಲ್ಲಲ್ಲಿ ಬೆಳ್ಳಗೆ ಕಾಣುತ್ತಿತ್ತು. ಇನ್ನೊಂದು ಅಚ್ಚಿಗೆ ಎರೆಯುವಂಥದ್ದು, ಎಣ್ಣೆಯಷ್ಟು ತೆಳು. ಪೇಪರ್‌ವೇಟ್ ಮಾಡಲು ತರಿಸಿದ್ದೆ. ಅದು ತಾಗಿದರೆ ಸಾಕು, ಬಟ್ಟೆ ನೆನೆದು ಕಣ್ಣಿಗೆ ಕಾಣದಂತಾಗುತ್ತಿತ್ತು. ನಾನು ಅದನ್ನೇ ಆರಿಸಿದೆ. ತೆಳುವಾದದ್ದು ಒಳಗೆ ಇಂಗದಂತೆ ಮೊದಲು ಮಂದ ರೆಸಿನ್ ಸವರಿ ಸೀಳನ್ನು ಮುಚ್ಚಿಕೊಳ್ಳಬೇಕೆಂದು ಗೊತ್ತಿತ್ತು. ಗುರುತು ಉಳಿಯುತ್ತದೆಂದು ಬಿಟ್ಟೆ.

ಒಣಗಿದ ಬುರುಡೆ ರೆಸಿನ್ ಕುಡಿಯತೊಡಗಿತು. ಹಚ್ಚಿದಷ್ಟೂ ಇಂಗಿತು. ಮೈ ಹೊಳೆಯುವವರೆಗೂ ಹಚ್ಚುತ್ತಲೇ ಹೋದೆ. ಮೂರನೆಯ ದಿನ ಎತ್ತಿದರೆ ಭಾರ. ತಟ್ಟಿದರೆ ಕಲ್ಲು ತಟ್ಟಿದ ಸದ್ದು. ತಂತಿ ಮೀಟಿದೆ. ನಾದ ಹುಟ್ಟಿದಲ್ಲೇ ಸತ್ತಿತು. ನನಗೆ ಸಂಗೀತ ಬಾರದು, ಆದರೂ ಅಷ್ಟು ತಿಳಿಯಿತು.

ಟೀಚರು ಬಂದು ಬುರುಡೆ ಸವರಿದರು. "ಸೀಳಿದ್ದ ಜಾಗಾನೇ ಗೊತ್ತಾಗಲ್ಲ!" ಎಂದು ಖುಷಿಪಟ್ಟು, ಶ್ರುತಿ ಮಾಡಿ ಮೀಟಿದರು. ಮತ್ತೊಮ್ಮೆ ಮೀಟಿ, ಕಿವಿ ಹತ್ತಿರ ತಂದರು.

"ಮಂಕಾಗಿ ಕೇಳ್ತದಲ್ಲ. ನಿಂಗೂ ಹಂಗೇ ಕೇಳ್ತದಾ?"

"ಇಲ್ಲ ಟೀಚರೇ, ಚೆನ್ನಾಗೇ ಐತೆ" ಎಂದೆ.

"ಹಂಗಾದ್ರೆ ನನ್ನ ಕಿವಿನೇ ಹೋಯ್ತು ಬುಡು" ಎಂದು ನಕ್ಕರು. ನಾನೂ ನಕ್ಕೆ.

ಕೆಲವು ತಿಂಗಳ ನಂತರ, ಅವರ ಶಿಷ್ಯೆಯೊಬ್ಬಳ ತಂದೆ ನಾಮಫಲಕ ಮಾಡಿಸಲು ಬಂದವರು ಹೇಳಿದರು: "ಟೀಚರು ಪಾಠ ನಿಲ್ಲಿಸ್ಬುಟ್ರು ಕಣ್ರೀ. ಕಿವಿ ಕೆಟ್ಟೈತೆ, ಮಕ್ಕಳಿಗೆ ತಪ್ಪು ಶ್ರುತಿ ಕಲಿಸಬಾರದು ಅಂತಾರೆ."

ಆ ವಾರವಿಡೀ ಕೆಲಸ ಕೈಗೆ ಹತ್ತಲಿಲ್ಲ. ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ಹಿಂತಿರುಗಿದೆ. ಮೂರನೆಯ ಸಲ ತುರುವೇಕೆರೆಯ ಬಸ್ ಹತ್ತಿದೆ. ಅವರ ಮನೆಯ ಜಗುಲಿಯಲ್ಲಿ ಕೂತು, ಯಾವ ಡಬ್ಬಿಯ ರೆಸಿನ್, ಯಾಕೆ ಹಚ್ಚಿದೆ, ಎಲ್ಲವನ್ನೂ ಹೇಳಿದೆ.

"ಅವತ್ತೇ ಗೊತ್ತಿತ್ತಾ?" ಎಂದು ಕೇಳಿದರು.

"ಗೊತ್ತಿತ್ತು."

"ಬುರುಡೆ ಹೋದ್ರೆ ಹೋಗ್ಲಿ ಕಣಪ್ಪ. ಗಡಿಯಾರದ ಸದ್ದು ಕೇಳ್ತಿತ್ತು, ಪಕ್ಕದ ಮನೆ ಮಾತು ಕೇಳ್ತಿತ್ತು. ಸ್ವರ ಮಾತ್ರ ನನ್ನ ಬುಟ್ಟೋಯ್ತು ಅಂದ್ಕೊಂಡಿದ್ದೆ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಮುಂದಿನ ತಿಂಗಳು ಅವರು ಶ್ರುತಿಪೆಟ್ಟಿಗೆ ಇಟ್ಟುಕೊಂಡು ಮತ್ತೆ ಪಾಠ ಶುರುಮಾಡಿದರು. ನಾನು ಬೇರೆ ಬುರುಡೆ ಹುಡುಕಿ, ತಂಬೂರಿ ಮಾಡುವವರಿಂದಲೇ ಕೂರಿಸಿ ತಂದುಕೊಟ್ಟೆ. ಆ ಹೊತ್ತಿಗೆ ಅವರ ಶಿಷ್ಯೆಯರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದ ಹುಡುಗಿ ಮದುವೆಯಾಗಿ ಹಾಸನದ ಕಡೆ ಹೋಗಿಯಾಗಿತ್ತು.

"ಅವಳಿಗೆ ಇನ್ನೂ ಒಂದು ವರ್ಷ ಹೇಳಿಕೊಡೋದಿತ್ತು" ಎಂದರು ಟೀಚರು, ತಂತಿ ಬಿಗಿಯುತ್ತ. ನನ್ನನ್ನು ಚುಚ್ಚಲು ಹೇಳಿದ್ದಲ್ಲ. ನಾನು ತಲೆ ಎತ್ತಲಿಲ್ಲ.